ಇಲಿಯಿಲ್ಲದ ಮನೆಯ ಬೆಕ್ಕು

ಗದಗಿನ ಅಡತಿ ಅಂಗಡಿಗಳಲ್ಲಿ ಶೇಂಗಾ, ಹೆಸರಿನ ಚೀಲಗಳ ನಡುವೆಯೂ, ಬೆಟಗೇರಿಯ ನೇಕಾರರ ಮನೆಗಳಲ್ಲಿ ಮಗ್ಗದ ಮಗ್ಗುಲಲ್ಲಿಯೂ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಒಕ್ಕಲು ಮನೆತನಗಳಲ್ಲಿ ಜೋಳದ ಹಗೇವಿನ ಸುತ್ತಲೂ ತಲೆಮಾರುಗಳಿಂದ ಸುಳಿದಾಡಿದ ಬೆಕ್ಕು, ಮುದ್ದಿನ ಪ್ರಾಣಿಯಾಗಿದ್ದುದಕ್ಕಿಂತ ಹೆಚ್ಚಾಗಿ ದುಡಿಮೆಯ ಪ್ರಾಣಿಯಾಗಿತ್ತು. ಮನೆಯವರು ಅದಕ್ಕೆ ಇಕ್ಕುತ್ತಿದ್ದುದು ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರು. ಮಿಕ್ಕ ಆಹಾರವನ್ನು ಅದು ತನ್ನ ಪಂಜದಿಂದಲೇ ಸಂಪಾದಿಸಿಕೊಳ್ಳುತ್ತಿತ್ತು. ಅಪ್ಪಟ ಸಸ್ಯಾಹಾರಿ ಕುಟುಂಬಗಳು ಸಹ ಈ ಮಾಂಸಭಕ್ಷಕ ಜೀವವನ್ನು ಯಾವ ಧರ್ಮಸಂಕಟವೂ ಇಲ್ಲದೆ ಸಾಕಿಕೊಂಡು ಬಂದುದು ಹೀಗೆ.

ಈಗ ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಮಣ್ಣಿನ ಮಾಳಿಗೆಯಿದ್ದೆಡೆ ಸಿಮೆಂಟಿನ ಛಾವಣಿ ಬಂದಿದೆ. ಬೇಟೆಯ ಬಾಗಿಲು ಮುಚ್ಚಿದ ಮೇಲೆ ಬೆಕ್ಕಿಗೆ ಉಳಿದುದು ನಿದ್ರೆ ಮತ್ತು ತಟ್ಟೆ. ಪೂರಕವಾಗಿದ್ದ ಹಾಲು-ಅನ್ನವೇ ಪೂರ್ಣಾಹಾರವಾಯಿತು. ಅನುಕೂಲಸ್ಥರ ಮನೆಗಳಲ್ಲಿ ಅದರ ಮೇಲೆ ಅಂಗಡಿಯ ಒಣ ಆಹಾರವೂ ಹಗಲಿರುಳು ಬಟ್ಟಲು ತುಂಬಿ ನಿಂತಿತು. “ಪಾಪ, ತಿನ್ನಲಿ ಬಿಡ್ರಿ” ಎಂಬ ನಮ್ಮ ವಾತ್ಸಲ್ಯವೇ ಆ ಮೂಕಪ್ರಾಣಿಯ ವ್ಯಾಧಿಗೆ ಬೀಜವಾಗುತ್ತಿದೆ ಎಂಬುದನ್ನು ಹೇಳದೆ ವಿಧಿಯಿಲ್ಲ.

ಲೆಕ್ಕವನ್ನೇ ನೋಡೋಣ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾದುದು ಸುಮಾರು 200ರಿಂದ 250 ಕ್ಯಾಲೊರಿ. ಒಂದು ಸಣ್ಣ ಇಲಿಯಲ್ಲಿ ಇರುವುದು ಸುಮಾರು 30. ಎಂದರೆ ಏಳೆಂಟು ಇಲಿಗಳಿಗಾಗಿ ಹೊಂಚಿ, ಹಾರಿ, ಅನೇಕ ಸಲ ಸೋತು ಗಳಿಸಬೇಕಾಗಿದ್ದ ಶಕ್ತಿಯಷ್ಟೂ ಇಂದು 60 ಗ್ರಾಂ ಒಣ ಆಹಾರದಲ್ಲಿ ಆಯಾಸವಿಲ್ಲದೆ ದೊರೆಯುತ್ತದೆ. ಸಂತಾನಹರಣ ಚಿಕಿತ್ಸೆ ಅವಶ್ಯವಾದುದೇ. ಆದರೆ ಅನಂತರ ಹಸಿವು ಹೆಚ್ಚಿ ಶಕ್ತಿಯ ಅಗತ್ಯ ಕುಗ್ಗುವುದರಿಂದ, ಆಹಾರವನ್ನು ಮೊದಲಿನಂತೆಯೇ ನೀಡುತ್ತ ಹೋದರೆ ಕೊಬ್ಬು ಬೆಳೆಯುವುದು ನಿಶ್ಚಿತ.

ಆದರ್ಶ ತೂಕಕ್ಕಿಂತ ಶೇ. 20ರಷ್ಟು ಹೆಚ್ಚಾದ ಬೆಕ್ಕನ್ನು ವೈದ್ಯರು ಸ್ಥೂಲಕಾಯವೆಂದು ಗಣಿಸುತ್ತಾರೆ. ಅಂಥ ಬೆಕ್ಕಿಗೆ ಸಕ್ಕರೆ ಕಾಯಿಲೆಯ ಸಂಭವ ಹಲವು ಪಟ್ಟು ಅಧಿಕ, ಕೀಲುಗಳು ಸವೆಯುತ್ತವೆ, ಬೆನ್ನಿನ ಕೆಳಭಾಗಕ್ಕೆ ನಾಲಿಗೆ ಎಟುಕದೆ ರೋಮ ಗಂಟುಕಟ್ಟುತ್ತದೆ, ಮೂತ್ರದ ತೊಂದರೆಗಳೂ ಬೆನ್ನಟ್ಟುತ್ತವೆ. ವಿಪರ್ಯಾಸವೆಂದರೆ, ಹೀಗೆ ಕೊಬ್ಬಿದ ದೇಹವೇ ಪೋಷಣೆಯಿಲ್ಲದೆ ಸೊರಗಿರಲೂಬಹುದು: ಮಾಂಸದಲ್ಲಿ ದೊರೆಯುವ ಟಾರಿನ್ ಎಂಬ ಸತ್ತ್ವ ಹಾಲು-ಅನ್ನದಲ್ಲಿ ಸಾಕಷ್ಟಿಲ್ಲ, ಅದರ ಅಭಾವದಿಂದ ಬೆಕ್ಕಿನ ದೃಷ್ಟಿಯೂ ಹೃದಯವೂ ಕೆಡುತ್ತವೆ. ಅಡುಗೆಮನೆಯಲ್ಲಿ ಮಾಂಸವನ್ನು ಮುಟ್ಟದವರು ತಮ್ಮ ಆಚಾರವನ್ನು ಬಿಡಬೇಕಾಗಿಲ್ಲ. ಟಾರಿನ್ ಸೇರಿಸಿದ ಪರಿಪೂರ್ಣ ಸಿದ್ಧ ಆಹಾರವನ್ನು ಅಳೆದು ಕೊಟ್ಟರೆ ಸಾಕು.

ಬೊಜ್ಜನ್ನು ಕಂಡು ಗಾಬರಿಯಾಗಿ ಉಪವಾಸ ಕೆಡಹುವುದು ಮಾತ್ರ ಮಹಾಪ್ರಮಾದ. ಸ್ಥೂಲವಾದ ಬೆಕ್ಕು ಕೆಲವು ದಿನ ಆಹಾರ ಬಿಟ್ಟರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗುತ್ತದೆ. ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಸಂಚಕಾರ. ತೂಕ ಇಳಿಸುವುದಾದರೆ ವೈದ್ಯರ ಸಲಹೆಯಂತೆ ವಾರಕ್ಕೆ ಶೇ. 1ರಿಂದ 2ರ ಮಿತಿಯಲ್ಲಿ ನಿಧಾನವಾಗಿ ಇಳಿಸಬೇಕು. ಒಂದೇ ಸಲ ಬಟ್ಟಲು ತುಂಬುವ ಬದಲು ನಾಲ್ಕೈದು ಬಾರಿ ಸ್ವಲ್ಪಸ್ವಲ್ಪ ಇಡುವುದು, ಆಹಾರವನ್ನು ಮನೆಯ ಮೂಲೆಮೂಲೆಗಳಲ್ಲಿ ಬಚ್ಚಿಡುವುದು, ಕಾಗದದ ಉಂಡೆಯನ್ನು ಎಸೆದು ಓಡಿಸುವುದು, ಇವೆಲ್ಲ ಕಳೆದುಹೋದ ದುಡಿಮೆಯನ್ನು ಅಲ್ಪಸ್ವಲ್ಪ ಮರಳಿಸುವ ಉಪಾಯಗಳು.

ಮನುಷ್ಯರೇ ಹಸಿದಿರುವ ನಾಡಿನಲ್ಲಿ ಬೆಕ್ಕಿನ ಬೊಜ್ಜಿನ ಚಿಂತೆಯೇಕೆ ಎಂದು ಕೇಳುವವರುಂಟು. ನಾನು ಕೇಳುತ್ತಿರುವುದು ಹೆಚ್ಚಿನ ವೆಚ್ಚವನ್ನಲ್ಲ, ವೆಚ್ಚದ ಕಡಿತವನ್ನು. ಪಶುವೈದ್ಯಕೀಯ ಮಹಾವಿದ್ಯಾಲಯವೇ ಇರುವ ನಮ್ಮ ಜಿಲ್ಲೆಯಲ್ಲಿ, ರೇಬೀಸ್ ಲಸಿಕೆಗೆ ತಂದ ಪ್ರತಿಯೊಂದು ಬೆಕ್ಕನ್ನೂ ತೂಗಿ, ಆ ಅಂಕಿಯನ್ನು ಚೀಟಿಯಲ್ಲಿ ಬರೆದು, ಪಕ್ಕೆಲುಬು ಬೆರಳಿಗೆ ತಾಕುತ್ತದೆಯೆ, ಮೇಲಿನಿಂದ ನೋಡಿದರೆ ನಡು ಕಾಣುತ್ತದೆಯೆ ಎಂಬೆರಡು ಪರೀಕ್ಷೆಗಳನ್ನು ಸಾಕಿದವರಿಗೆ ಕಲಿಸಿ ಕಳುಹಿಸುವ ಪದ್ಧತಿಯನ್ನು ತಾಲ್ಲೂಕಿನ ಪಶು ಆಸ್ಪತ್ರೆಗಳೆಲ್ಲ ಆರಂಭಿಸಲಿ. ಒಂದು ತಕ್ಕಡಿ ಮತ್ತು ಐದು ನಿಮಿಷದ ಮಾತು, ಇದಕ್ಕೆ ಬೇಕಾದುದು ಇಷ್ಟೆ.