ಥ್ರೆಡ್ ಕೂತರೆ ಸಾಕೇ? ಆಯಿಲ್ ಫಿಲ್ಟರ್ ವ್ಯಾಪಾರದಲ್ಲಿ ಯಾರೂ ಕೇಳದ ಪ್ರಶ್ನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಈ ನಾಲ್ಕು ಊರಲ್ಲಿ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬೇಕಾದರೂ ಹೋಗಿ ಆಯಿಲ್ ಫಿಲ್ಟರ್ ಕೇಳಿ. ಮೊದಲ ಪ್ರಶ್ನೆ, 'ಯಾವ ಗಾಡಿ?' ಎರಡನೆಯದು, 'ಒರಿಜಿನಲ್ಲೋ, ಲೋಕಲ್ಲೋ?' ಅಲ್ಲಿಗೆ ವಿಚಾರಣೆ ಮುಗಿಯಿತು. ಈ ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ, ನೂರು ಕಣ ಬಂದರೆ ಎಷ್ಟನ್ನು ತಡೆಯುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಬಹುತೇಕ ಡಬ್ಬಗಳ ಮೇಲೆ ಅದನ್ನು ಅಚ್ಚು ಹಾಕಿಯೂ ಇರುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲೇ.

ಆಲೂಗಡ್ಡೆ ಹೊತ್ತು ಹಾಸನದ ಮಾರುಕಟ್ಟೆಗೆ ಬರುವ ಪಿಕಪ್, ರಾಮನಾಥಪುರದ ಹರಾಜು ಕಟ್ಟೆಗೆ ತಂಬಾಕು ಸಾಗಿಸುವ ಗಾಡಿ, ಚನ್ನರಾಯಪಟ್ಟಣದ ತೆಂಗಿನಕಾಯಿ ತುಂಬಿದ ಲಗೇಜ್ ಆಟೊ, ಹೇಮಾವತಿ ಬಯಲಿನ ಗದ್ದೆಗಿಳಿಯುವ ಟ್ರ್ಯಾಕ್ಟರ್. ಇವುಗಳಲ್ಲಿ ಬಹುಪಾಲು ಸಾಲದ ಗಾಡಿಗಳು. ಇಂಜಿನ್ ಬೋರಿಗೆ ಬಂದರೆ ಹತ್ತಾರು ಸಾವಿರ ರೂಪಾಯಿ ಖರ್ಚು, ಗ್ಯಾರೇಜಿನಲ್ಲಿ ವಾರಗಟ್ಟಲೆ ನಿಂತ ಗಾಡಿ, ಆದರೂ ಕಟ್ಟಲೇಬೇಕಾದ ಕಂತು. ಅದನ್ನು ತಡೆಯಬೇಕಾದ ಭಾಗ ಕೆಲವು ನೂರು ರೂಪಾಯಿಯ ಒಂದು ಡಬ್ಬಿ. ಅದರ ಬಗ್ಗೆ ನಮಗೆ ಗೊತ್ತಿರುವುದು ಬಣ್ಣ ಮತ್ತು ಬೆಲೆ ಮಾತ್ರ!

ಡಬ್ಬಿಯೊಳಗೆ ಇರುವುದೇನು? ರಾಳ ಕುಡಿಸಿ ಗಟ್ಟಿ ಮಾಡಿದ, ಮಡಿಕೆ ಮಡಿಕೆಯಾದ ಕಾಗದ. ನಡುವೆ ತೂತುಗಳಿರುವ ಲೋಹದ ಕೊಳವೆ. ಜೊತೆಗೆ ಎರಡು ಕವಾಟ. ಒಂದು ರಬ್ಬರಿನದು, ಇಂಜಿನ್ ನಿಂತಾಗ ಆಯಿಲ್ ವಾಪಸ್ ಇಳಿದುಹೋಗದಂತೆ ಹಿಡಿದಿಡುತ್ತದೆ. ಅದು ಕೆಟ್ಟಿದ್ದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬೇರಿಂಗುಗಳು ಕೆಲವು ಕ್ಷಣ ಒಣಗಿಯೇ ತಿರುಗುತ್ತವೆ. ಇನ್ನೊಂದು ಬೈಪಾಸ್ ಕವಾಟ. ಕಾಗದ ಕಟ್ಟಿಕೊಂಡಾಗ, ಅಥವಾ ಚಳಿಯಲ್ಲಿ ಆಯಿಲ್ ಗಟ್ಟಿಯಾದಾಗ, ಇದು ತೆರೆದುಕೊಂಡು ಆಯಿಲನ್ನು ಸೋಸದೆಯೇ ಒಳಗೆ ಬಿಡುತ್ತದೆ. ಇಂಜಿನ್ನಿಗೆ ಆಯಿಲ್ಲೇ ಇಲ್ಲದಿರುವುದಕ್ಕಿಂತ ಕೊಳಕು ಆಯಿಲ್ ವಾಸಿ ಎಂಬ ಲೆಕ್ಕ. ಸ್ಪ್ರಿಂಗ್ ಸಡಿಲವಿದ್ದರೆ ಈ ಕವಾಟ ಬೇಕಾದಾಗ ಬೇಡವಾದಾಗ ತೆರೆದೇ ಇರುತ್ತದೆ. ಆಗ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಹೊರಗಿನಿಂದ ನೋಡಿದವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಹಾಗಾಗಿ 'ಥ್ರೆಡ್ ಕೂತರೆ ಸಾಕು, ಎಲ್ಲಾ ಒಂದೇ' ಎನ್ನುವ ಗ್ಯಾರೇಜ್ ವೇದಾಂತವನ್ನು ನಾವು ಒಪ್ಪುವುದಿಲ್ಲ. ಕೆಲವು ಇಂಜಿನ್ನುಗಳಲ್ಲಿ ಬೈಪಾಸ್ ಕವಾಟ ಇಂಜಿನ್ ಬ್ಲಾಕಿನಲ್ಲೇ ಇರುತ್ತದೆ, ಕೆಲವಕ್ಕೆ ಫಿಲ್ಟರಿನೊಳಗೇ ಇರಬೇಕು. ಒಂದರ ಫಿಲ್ಟರನ್ನು ಇನ್ನೊಂದಕ್ಕೆ ಸಲೀಸಾಗಿ ತಿರುಗಿಸಿ ಕೂರಿಸಬಹುದು. ಥ್ರೆಡ್ ಕೂರುತ್ತದೆ, ಕೆಲಸ ಕೂರುವುದಿಲ್ಲ. ಗಾಡಿಯ ಕೈಪಿಡಿಯಲ್ಲಿರುವ ಪಾರ್ಟ್ ನಂಬರಿಗೆ ಬೆಲೆ ಇರುವುದು ಇದೇ ಕಾರಣಕ್ಕೆ.

ಇನ್ನೊಂದು ಗುಂಪು 'ಕಂಪನಿ ಐಟಂ ಬಿಟ್ಟು ಬೇರೇನೂ ಮುಟ್ಟಬೇಡಿ' ಎನ್ನುತ್ತದೆ. ಇದೂ ಅರ್ಧ ಸತ್ಯ. ವಾಹನ ಕಂಪನಿಗಳಲ್ಲಿ ಅನೇಕವು ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ; ಫಿಲ್ಟರ್ ಮಾಡುವವರಿಂದ ಕೊಂಡು ತಮ್ಮ ಹೆಸರು ಹಾಕಿ ಮಾರುತ್ತವೆ. ಅಂಥ ತಯಾರಕರ ಸ್ವಂತ ಹೆಸರಿನ ಫಿಲ್ಟರ್ ಕಡಿಮೆ ಬೆಲೆಗೆ ಸಿಕ್ಕರೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಮೇಲಾಗಿ, ನಕಲಿ ಮಾಡುವವರು ನಕಲು ಮಾಡುವುದೇ ದೊಡ್ಡ ಹೆಸರನ್ನು. ಡಬ್ಬದ ಮೇಲಿನ ಹೆಸರೊಂದನ್ನೇ ನಂಬಿ ಕೂತರೆ ಮೊದಲು ಮೋಸ ಹೋಗುವವರು ನಾವೇ.

ಮೂರನೆಯವರು ಫಿಲ್ಟರನ್ನು ಕುಯ್ದು ತೋರಿಸುವ ವಿಡಿಯೊ ವೀರರು. ಮಡಿಕೆ ಎಣಿಸುತ್ತಾರೆ, ತಗಡಿನ ದಪ್ಪ ಅಳೆಯುತ್ತಾರೆ. ಕುಯ್ದರೆ ಅಂಟು ಬಿಟ್ಟಿರುವುದು, ಕವಾಟ ಇಲ್ಲದಿರುವುದು, ಕಾಗದ ಹರಿದಿರುವುದು ಕಾಣುತ್ತದೆ, ನಿಜ. ಆದರೆ ಮೈಕ್ರಾನ್ ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಬೇರಿಂಗಿನಲ್ಲಿ ಲೋಹ ಲೋಹಕ್ಕೆ ತಾಗದಂತೆ ಕಾಯುವ ಆಯಿಲ್ ಪದರ ಕೆಲವೇ ಮೈಕ್ರಾನ್. 'ಇದು 20 ಮೈಕ್ರಾನ್ ಫಿಲ್ಟರ್' ಎಂದರೂ ಅರ್ಧ ಮಾತೇ ಆಯಿತು. ಆ ಗಾತ್ರದ ನೂರು ಕಣಗಳಲ್ಲಿ ಐವತ್ತನ್ನು ಹಿಡಿಯುವುದಕ್ಕೂ ತೊಂಬತ್ತೊಂಬತ್ತನ್ನು ಹಿಡಿಯುವುದಕ್ಕೂ ಅಜಗಜಾಂತರ.

ಇದನ್ನು ಅಳೆಯಲು ಆಗುವುದಿಲ್ಲವೇ? ಧಾರಾಳವಾಗಿ ಆಗುತ್ತದೆ. ಐಎಸ್‌ಒ 4548 ಎಂಬ ಅಂತರರಾಷ್ಟ್ರೀಯ ಮಾನದಂಡ ಇರುವುದೇ ಇದಕ್ಕೆ. ಅದರ 12ನೇ ಭಾಗದಂತೆ ಆಯಿಲಿಗೆ ಪರೀಕ್ಷಾ ಧೂಳು ಬೆರೆಸಿ ಮತ್ತೆ ಮತ್ತೆ ಹರಿಸಿ, ಫಿಲ್ಟರಿನ ಮುಂದೆ ಎಷ್ಟು ಕಣ, ಹಿಂದೆ ಎಷ್ಟು ಕಣ ಎಂದು ಎಣಿಸುತ್ತಾರೆ. ಹೆಸರಿರುವ ತಯಾರಕರಿಗೆ ಇದು ಹೊಸದಲ್ಲ. ಅಮೆರಿಕದಲ್ಲಿ ಸ್ವೀಟ್‌ಲ್ಯಾಂಡ್ ಮತ್ತು ಗ್ರೀನ್‌ಹಾಲ್ಗ್ ಮೋಟಾರು ಗಾಡಿಗೆ ಪ್ಯೂರೊಲೇಟರ್ ಎಂಬ ಆಯಿಲ್ ಫಿಲ್ಟರ್ ತಂದದ್ದು 1923ರಲ್ಲಿ. ನೂರು ವರ್ಷ ಕಳೆದರೂ ಫಲಿತಾಂಶದ ಒಂದು ಸಾಲನ್ನು ಡಬ್ಬದ ಮೇಲೆ ಹಾಕಲು ಜಾಗ ಸಿಕ್ಕಿಲ್ಲವೇ?

ನಮ್ಮ ಕಾನೂನು ಏನು ಹೇಳುತ್ತದೆ ನೋಡಿ. 2011ರ ಪೊಟ್ಟಣ ಸರಕುಗಳ ನಿಯಮದಂತೆ ತಯಾರಕರ ಹೆಸರು, ವಿಳಾಸ, ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆ ಡಬ್ಬದ ಮೇಲೆ ಇರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟ ತಿಳಿಯುವುದು ಗ್ರಾಹಕರ ಹಕ್ಕು ಎನ್ನುತ್ತದೆ. ಹಕ್ಕು ಕಾಯ್ದೆಯಲ್ಲಿದೆ, ಗುಣಮಟ್ಟದ ಸಂಖ್ಯೆ ಡಬ್ಬದ ಮೇಲಿಲ್ಲ. ಎಷ್ಟಕ್ಕೆ ಮಾರಬೇಕೆಂದು ಬರೆಯಲೇಬೇಕು, ಎಷ್ಟು ಸೋಸುತ್ತದೆಂದು ಬರೆಯಬೇಕಿಲ್ಲ!

ಈ ವ್ಯವಸ್ಥೆಯಲ್ಲಿ ಬೈಗುಳ ತಿನ್ನುವವರು ಮಾತ್ರ ಮೆಕ್ಯಾನಿಕ್ಕುಗಳು. ಅವರಲ್ಲಿ ಕಮಿಷನ್ನಿಗೆ ಆಸೆಪಡುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಮಾಹಿತಿ ಅವರಿಗೂ ಇಲ್ಲ. ಪೇಟೆಯ ಪತ್ರಿಕೆಗಳ ವಾಹನ ಪುಟ ಹೊಸ ಕಾರಿನ ಬಣ್ಣ ವರ್ಣಿಸುತ್ತದೆಯೇ ಹೊರತು ಹತ್ತು ವರ್ಷದ ಪಿಕಪ್ಪಿಗೆ ಯಾವ ಫಿಲ್ಟರ್ ಹಾಕಬೇಕೆಂದು ಬರೆಯುವುದಿಲ್ಲ. ಪತ್ರಿಕೋದ್ಯಮ ಓದಿದ ನಾವು ಇದನ್ನು ನಾಚಿಕೆಯಿಂದಲೇ ಹೇಳಬೇಕು.

ನಮ್ಮ ಒತ್ತಾಯ ಮೂರು. ಒಂದು, ಎಷ್ಟು ಮೈಕ್ರಾನಿನಲ್ಲಿ ನೂರಕ್ಕೆ ಎಷ್ಟು, ಬೈಪಾಸ್ ಕವಾಟ ಇದೆಯೇ, ಎಷ್ಟು ಒತ್ತಡಕ್ಕೆ ತೆರೆಯುತ್ತದೆ ಎಂಬುದನ್ನು ಕನ್ನಡದಲ್ಲೂ ಡಬ್ಬದ ಮೇಲೆ ಅಚ್ಚು ಹಾಕುವುದು ಕಡ್ಡಾಯವಾಗಲಿ. ಎರಡು, 1960ರಿಂದ ಹಾಸನದಲ್ಲಿರುವ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳು ಈ ನಾಲ್ಕು ಊರುಗಳ ಅಂಗಡಿಗಳಿಂದಲೇ ಫಿಲ್ಟರ್ ಕೊಂಡು, ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಜನರ ಮುಂದಿಡಲಿ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ಮೂರು, ಪಾರ್ಟ್ ನಂಬರ್ ಬರೆದ ಬಿಲ್ ಇಲ್ಲದೆ ಫಿಲ್ಟರ್ ಮಾರುವುದು ನಿಲ್ಲಲಿ.

ಅಲ್ಲಿಯವರೆಗೆ ನೀವೇ ಮಾಡಬಹುದಾದದ್ದು ಇಷ್ಟು. ಪಾರ್ಟ್ ನಂಬರ್ ಹೇಳಿ ಕೇಳಿ. ವಿಳಾಸ, ತಿಂಗಳು ಇಲ್ಲದ ಡಬ್ಬ ವಾಪಸ್ ಕೊಡಿ. ಆಯಿಲ್ ಬದಲಿಸಿ ಹಳೆ ಫಿಲ್ಟರನ್ನೇ ಬಿಡಬೇಡಿ. ಸ್ಪ್ಲೆಂಡರ್ ಬೈಕಿನ ಬಿಲ್ಲಿನಲ್ಲಿ 'ಆಯಿಲ್ ಫಿಲ್ಟರ್ ಬದಲು' ಎಂದಿದ್ದರೆ ಯಾವುದು ಎಂದು ಕೇಳಿ. ಅದರಲ್ಲಿರುವುದು ತೊಳೆಯುವ ಜಾಲರಿ ಮತ್ತು ಕೊಳೆಯನ್ನು ಎಸೆದು ಬೇರ್ಪಡಿಸುವ ತಿರುಗುಬಟ್ಟಲು, ಕಾಗದದ ಫಿಲ್ಟರ್ ಅಲ್ಲ. ಹೊಸದು ಹಾಕಿಸಿದ ಮೇಲೆ ಖಾಲಿ ಡಬ್ಬವನ್ನು ಹರಿದು ಹಾಕಿ, ನಕಲಿ ಮಾಲು ತುಂಬಲು ಇನ್ನೊಬ್ಬರಿಗೆ ಸಿಗದಿರಲಿ. ನಕಲಿ ಎಂಬ ಅನುಮಾನ ಬಂದರೆ ಬಿಲ್ ಮತ್ತು ಫಿಲ್ಟರ್ ಎರಡನ್ನೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಒಬ್ಬರು ಕೇಳಿದರೆ ಅಂಗಡಿಯವರು ನಕ್ಕಾರು. ನಾಲ್ಕು ಊರಿನವರೂ ಕೇಳಿದರೆ ಡಬ್ಬದ ಮೇಲೆ ಆ ಸಂಖ್ಯೆ ಬಂದೇ ಬರುತ್ತದೆ.