ದನಿಯೇ ಗುರುತಾದಾಗ: ಬಿಂಗ್ ಕ್ರಾಸ್ಬಿಯ ಕಿರುಚಿತ್ರಗಳನ್ನು ಓದುವ ಬಗೆ

ಜನಪ್ರಿಯ ಸಂಸ್ಕೃತಿಯ ಅಧ್ಯಯನ ಕನ್ನಡ ವಿಭಾಗಗಳಿಗೆ ಈಗ ಹೊಸದಲ್ಲ. ಆದರೆ ಜನಪ್ರಿಯವೆಂದು ನಾವು ಒಪ್ಪಿಕೊಂಡಿರುವ ಪಠ್ಯಗಳ ಒಳಗೂ ಒಂದು ಶ್ರೇಣೀಕರಣ ಉಳಿದುಕೊಂಡಿದೆ. ಪೂರ್ಣಪ್ರಮಾಣದ ಕಥಾಚಿತ್ರಕ್ಕೆ, ಕಾದಂಬರಿ ಆಧಾರಿತ ಚಿತ್ರಕ್ಕೆ ಸಂಶೋಧನೆಯ ಬಾಗಿಲು ತೆರೆದಿದೆ. ಮುಖ್ಯ ಚಿತ್ರದ ಮುನ್ನ ಹೊತ್ತು ತುಂಬಲೆಂದು ತೋರಿಸಿ ಮರೆತುಬಿಡುವ ಇಪ್ಪತ್ತು ನಿಮಿಷಗಳ ಹಾಸ್ಯಚಿತ್ರಕ್ಕೆ ಆ ಬಾಗಿಲು ಇನ್ನೂ ತೆರೆದಿಲ್ಲ. ಇಂಥ ‘ಹಗುರ’ ಪಠ್ಯಗಳು ಗಂಭೀರ ಪಠ್ಯಗಳು ಹೇಳದ ಸಂಗತಿಗಳನ್ನು ಹೇಳಬಲ್ಲವು ಎಂಬುದು ಈ ಬರಹದ ನಿಲುವು. ಇದಕ್ಕೆ ನಿದರ್ಶನವಾಗಿ 1931ರಿಂದ 1933ರ ನಡುವೆ ಮ್ಯಾಕ್ ಸೆನೆಟ್ ನಿರ್ಮಿಸಿದ, ಗಾಯಕ ಬಿಂಗ್ ಕ್ರಾಸ್ಬಿ ನಟಿಸಿದ ಆರು ಕಿರುಚಿತ್ರಗಳನ್ನು, ವಿಶೇಷವಾಗಿ ‘ಬ್ಲೂ ಆಫ್ ದಿ ನೈಟ್’ (1933) ಚಿತ್ರವನ್ನು ಇಲ್ಲಿ ಗಮನಿಸಲಾಗಿದೆ.

ಮೊದಲಿಗೆ ಸಂದರ್ಭವನ್ನು ಸ್ಪಷ್ಟಪಡಿಸಿಕೊಳ್ಳಬೇಕು. 1912ರಲ್ಲಿ ಕೀಸ್ಟೋನ್ ಸಂಸ್ಥೆಯನ್ನು ಕಟ್ಟಿದ ಸೆನೆಟ್ ಮೂಕಿಚಿತ್ರ ಕಾಲದ ಹಾಸ್ಯದ ದೊಡ್ಡ ಹೆಸರು. ಬೀಳುವುದು, ಏಳುವುದು, ಅಟ್ಟಿಸಿಕೊಂಡು ಓಡುವುದು ಆತನ ಹಾಸ್ಯದ ವ್ಯಾಕರಣ. ಅದು ಸಂಪೂರ್ಣವಾಗಿ ದೇಹದ ಹಾಸ್ಯ. 1926ರಲ್ಲಿ ವೈಟಾಫೋನ್ ಕಿರುಚಿತ್ರಗಳೂ 1927ರಲ್ಲಿ ‘ದಿ ಜಾಝ್ ಸಿಂಗರ್’ ಚಿತ್ರವೂ ಬಂದ ಮೇಲೆ ಆ ವ್ಯಾಕರಣ ಹಳತಾಗತೊಡಗಿತು. ಕ್ರಾಸ್ಬಿಯ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ಪಾಲ್ ವೈಟ್‌ಮನ್ನನ ವಾದ್ಯಮೇಳದಲ್ಲಿ ಹಾಡಿ, ಅನಂತರ ಲಾಸ್ ಏಂಜಲೀಸಿನ ಕೋಕೋನಟ್ ಗ್ರೋವ್ ಎಂಬ ಹೋಟೆಲ್ ಸಭಾಂಗಣದಲ್ಲಿ ಹೆಸರು ಮಾಡಿದ ಆತನಿಗೆ 1931ರ ಸೆಪ್ಟೆಂಬರಿನಲ್ಲಿ ಸಿಬಿಎಸ್ ರೇಡಿಯೋ ಜಾಲದ ಕಾರ್ಯಕ್ರಮ ದೊರೆಯಿತು. ದನಿ ಮನೆಮನೆಗೆ ತಲುಪಿತು. ಮುಖದ ಪರಿಚಯ ಅದೇ ವೇಗದಲ್ಲಿ ಆಗಲಿಲ್ಲ. ಹೀಗೆ ದನಿಯಿಲ್ಲದ ಹಾಸ್ಯವೊಂದು ಮುಖವಿಲ್ಲದ ದನಿಯೊಂದನ್ನು ಸಂಧಿಸಿದ ಜಾಗ ಈ ಕಿರುಚಿತ್ರಗಳು. ಇವನ್ನು ಕೇವಲ ಗಾಯಕನ ಪ್ರಚಾರಚಿತ್ರಗಳೆಂದು ಬದಿಗಿಡುವವರು ಈ ಸಂಧಿಯನ್ನು ಕಾಣಲಾರರು.

‘ಬ್ಲೂ ಆಫ್ ದಿ ನೈಟ್’ ಚಿತ್ರದ ಕಥೆ ಎಳೆಯಷ್ಟೇ ತೆಳುವಾದುದು. ರೈಲಿನಲ್ಲಿ ಭೇಟಿಯಾದ ಯುವತಿಯೊಬ್ಬಳು ತನಗೂ ಪ್ರಸಿದ್ಧ ಗಾಯಕ ಬಿಂಗ್ ಕ್ರಾಸ್ಬಿಗೂ ಮದುವೆ ನಿಶ್ಚಯವಾಗಿದೆ ಎಂದು ಸುಳ್ಳು ಹೇಳುತ್ತಾಳೆ. ಕೇಳುತ್ತಿರುವವನೇ ಕ್ರಾಸ್ಬಿ ಎಂಬುದು ಅವಳಿಗೆ ಗೊತ್ತಿಲ್ಲ. ಅವನೂ ಹೇಳುವುದಿಲ್ಲ. ಮುಂದೆ ಅವಳನ್ನು ಬಯಸುವ ಇನ್ನೊಬ್ಬ ಈತನನ್ನು ಸೋಗುಗಾರನೆಂದು ಬಯಲಿಗೆಳೆಯಲು ಹೊರಡುತ್ತಾನೆ. ಹಾಡಿದಾಗಲಷ್ಟೇ ಆತ ನಿಜವಾದ ಕ್ರಾಸ್ಬಿ ಎಂಬುದು ಸಿದ್ಧವಾಗುತ್ತದೆ.

ಗುರುತು ತಪ್ಪುವುದು, ಕೊನೆಗೆ ಗುರುತು ಸಿಕ್ಕುವುದು ಭಾರತೀಯ ಓದುಗರಿಗೆ ಅಪರಿಚಿತವಾದ ಹಂದರವೇನಲ್ಲ. ಕಾಳಿದಾಸನ ನಾಟಕದಲ್ಲಿ ಅಭಿಜ್ಞಾನಕ್ಕೆ ಉಂಗುರ ಬೇಕಾಯಿತು. ಉಂಗುರ ದೇಹದಿಂದ ಕಳಚಬಹುದಾದ, ಕಳೆದುಹೋಗಬಹುದಾದ ವಸ್ತು. ಈ ಚಿತ್ರದಲ್ಲಿ ಉಂಗುರದ ಜಾಗಕ್ಕೆ ದನಿ ಬಂದಿದೆ. ದನಿ ದೇಹದ್ದೇ ಆದರೂ ರೇಡಿಯೋ ಮತ್ತು ಗ್ರಾಮಫೋನ್ ಅದನ್ನು ದೇಹದಿಂದ ಕಳಚಿ ಊರೂರಿಗೆ ಕಳುಹಿಸಿವೆ. ಆದ್ದರಿಂದಲೇ ಅದಕ್ಕೆ ಉಂಗುರದ ಗುಣ ಬಂದಿದೆ. ಎದುರಿಗಿರುವ ಮನುಷ್ಯನನ್ನು ನಂಬದವರು ಎಲ್ಲಿಂದಲೋ ತೇಲಿಬಂದ ದನಿಯನ್ನು ಮೊದಲೇ ನಂಬಿದ್ದಾರೆ. ಹಾಸ್ಯದ ಮೂಲ ಇಲ್ಲಿದೆ. ಆಧುನಿಕತೆಯ ಒಂದು ಮುಖ್ಯ ಅನುಭವವೂ ಇಲ್ಲಿಯೇ ಇದೆ.

ಆತ ಹಾಡುವುದು ಯಾವ ಹಾಡನ್ನು ಎಂಬುದೂ ಗಮನಾರ್ಹ. ಚಿತ್ರದ ಹೆಸರು ಕ್ರಾಸ್ಬಿಯ ರೇಡಿಯೋ ಕಾರ್ಯಕ್ರಮದ ಗುರುತಿನ ಹಾಡಿನಿಂದ ಬಂದದ್ದು. ವಚನ, ಕೀರ್ತನೆಗಳ ಓದಿನಲ್ಲಿ ಪಳಗಿದ ನಮಗೆ ಇಲ್ಲಿ ಅಂಕಿತದ ನೆನಪಾಗುವುದು ಸಹಜ. ಅಂಕಿತ ವಚನಕಾರರ ಸ್ವಂತ ಹೆಸರಲ್ಲ, ಇಷ್ಟದೈವದ ಹೆಸರು. ಆದರೂ ಸಂಪಾದಕರು ಕರ್ತೃವನ್ನು ನಿರ್ಣಯಿಸುವಾಗ ಅದನ್ನೇ ಹಿಡಿಯುತ್ತಾರೆ. ಗುರುತಿನ ಹಾಡು ದೈವವನ್ನು ಬಿಟ್ಟು ವ್ಯಾಪಾರಕ್ಕೆ ಒಪ್ಪಿಸಿಕೊಂಡ ಅಂಕಿತ ಎನ್ನಬಹುದೇನೋ. ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೆ ‘ಹಾಡು ಯಾರದು?’ ಎಂಬ ಪ್ರಶ್ನೆಗೆ ಹಾಡಿನ ಒಳಗೇ ಉತ್ತರ ಇಡುವ ಕ್ರಮ ಎರಡರಲ್ಲೂ ಇದೆ.

ಸರಣಿಯ ಇತರ ಚಿತ್ರಗಳನ್ನು ಜೊತೆಗಿಟ್ಟು ನೋಡಿದರೆ ಈ ಓದು ಇನ್ನಷ್ಟು ಗಟ್ಟಿಯಾಗುತ್ತದೆ. ‘ಬಿಲ್‌ಬೋರ್ಡ್ ಗರ್ಲ್’ (1932) ಚಿತ್ರದಲ್ಲಿ ನಾಯಕ ಪ್ರೀತಿಸುವುದು ಜಾಹೀರಾತು ಫಲಕದ ಮೇಲಿನ ಹುಡುಗಿಯನ್ನು. ಅಲ್ಲಿ ಮುಖವಿದೆ, ದನಿಯಿಲ್ಲ. ‘ಸಿಂಗ್, ಬಿಂಗ್, ಸಿಂಗ್’ (1933) ಚಿತ್ರದ ಗಾಯಕ ತನ್ನ ಪ್ರಿಯತಮೆಯೊಡನೆ ಓಡಿಹೋಗುವ ಸಂಚನ್ನು ರೇಡಿಯೋ ಕಾರ್ಯಕ್ರಮದ ಮೂಲಕವೇ ಅವಳಿಗೆ ತಿಳಿಸುತ್ತಾನೆ. ಎಲ್ಲರೂ ಕೇಳುವ ಹಾಡಿನಲ್ಲಿ ಒಬ್ಬಳಿಗಷ್ಟೇ ತಿಳಿಯುವ ಮಾತು ಅಡಗಿದೆ. ರೇಡಿಯೋ ಗಾಯಕನ ಆಕರ್ಷಣೆಯ ರಹಸ್ಯವೇ ಇದು. ಲಕ್ಷಾಂತರ ಜನ ಕೇಳುತ್ತಿದ್ದರೂ ಪ್ರತಿಯೊಬ್ಬರಿಗೂ ‘ಇದು ನನಗಾಗಿ’ ಎನ್ನಿಸಬೇಕು. ಒಂದು ಇಡೀ ಮಾಧ್ಯಮದ ಸ್ವಭಾವವನ್ನು ಈ ಚಿತ್ರ ಕಥೆಯನ್ನಾಗಿಸಿ ನಗಿಸುತ್ತದೆ.

ಈ ಆಪ್ತತೆಯನ್ನು ಸಾಧ್ಯವಾಗಿಸಿದ್ದು ಮೈಕ್ರೋಫೋನು. ಅಲ್ ಜಾಲ್ಸನ್‌ನಂಥ ರಂಗಗಾಯಕರು ಕೊನೆಯ ಸಾಲಿಗೆ ಕೇಳಿಸುವಂತೆ ಹಾಡಬೇಕಿತ್ತು. ನಮ್ಮ ಕಂಪನಿ ನಾಟಕಗಳ ನಟರ ಕಂಠವೂ ಅಂಥದೇ. ಕ್ರಾಸ್ಬಿಯ ತಲೆಮಾರು ಮೈಕಿನ ಹತ್ತಿರ ನಿಂತು ಕಿವಿಯಲ್ಲಿ ಉಸುರಿದಂತೆ ಹಾಡಿತು. ‘ಕ್ರೂನಿಂಗ್’ ಎಂದು ಹೆಸರಾದ ಈ ಶೈಲಿ ನೈತಿಕ ಆತಂಕವನ್ನೂ ಹುಟ್ಟಿಸಿತು. 1932ರ ಜನವರಿಯಲ್ಲಿ ಬಾಸ್ಟನ್ನಿನ ಕಾರ್ಡಿನಲ್ ವಿಲಿಯಂ ಓ’ಕಾನೆಲ್ ಇದನ್ನು ಬಹಿರಂಗವಾಗಿ ಖಂಡಿಸಿದರು. ಗಂಡಸುತನಕ್ಕೆ ತಕ್ಕದ್ದಲ್ಲ ಎಂಬುದು ಆಕ್ಷೇಪಣೆಯ ಒಂದು ಮುಖ್ಯ ಧಾಟಿ. ಈ ಹಿನ್ನೆಲೆಯಲ್ಲಿ ಸೆನೆಟ್‌ನ ಅಟ್ಟಾಟವೂ ಜಗಳವೂ ಬೇರೆ ಅರ್ಥ ಪಡೆಯುತ್ತವೆ. ಮೆಲುದನಿಯ ಗಾಯಕನನ್ನು ಗದ್ದಲದ ನಡುವೆ ನಿಲ್ಲಿಸಿ, ಆತ ನಕ್ಕು ನಗಿಸಬಲ್ಲ ಸಾಮಾನ್ಯ ಗಂಡಸೇ ಎಂದು ತೋರಿಸುವ ಕೆಲಸವನ್ನು ಹಾಸ್ಯ ಮಾಡಿತು. ನಗೆ ಇಲ್ಲಿ ಆಕ್ಷೇಪಣೆಗೆ ಕೊಟ್ಟ ಉತ್ತರ.

ಆದರೆ ಈ ಉತ್ತರ ಎಲ್ಲ ಗಾಯಕರಿಗೂ ಸಮಾನವಾಗಿ ಲಭ್ಯವಿರಲಿಲ್ಲ ಎಂಬುದನ್ನು ಹೇಳದಿದ್ದರೆ ಈ ಓದು ಅಪೂರ್ಣ. ಪ್ಯಾರಮೌಂಟ್ ಸಂಸ್ಥೆ 1932ರಲ್ಲಿ ಹೊರತಂದ ‘ಎ ರ್‍ಯಾಪ್ಸಡಿ ಇನ್ ಬ್ಲ್ಯಾಕ್ ಅಂಡ್ ಬ್ಲೂ’ ಕಿರುಚಿತ್ರದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡುತ್ತಾನೆ. ಮನೆಗೆಲಸ ಬಿಟ್ಟು ಆತನ ಪ್ಲೇಟು ಕೇಳುತ್ತ ಕುಳಿತ ಗಂಡನಿಗೆ ಹೆಂಡತಿ ತಲೆಯ ಮೇಲೆ ಹೊಡೆಯುತ್ತಾಳೆ. ಎಚ್ಚರ ತಪ್ಪಿದವನ ಕನಸಿನಲ್ಲಿ ಚಿರತೆಯ ಚರ್ಮ ಉಟ್ಟ ಆರ್ಮ್‌ಸ್ಟ್ರಾಂಗ್ ಸಾಬೂನಿನ ನೊರೆಯ ನಡುವೆ ನಿಂತು ‘ರಾಜ’ನ ಅಪ್ಪಣೆಯಂತೆ ಹಾಡಬೇಕಾಗುತ್ತದೆ. ಕ್ರಾಸ್ಬಿ ಹಾಡುವ ಬಗೆಯನ್ನು ಯಾರಿಂದ ಕಲಿತನೋ ಅಂಥವರಲ್ಲಿ ಆರ್ಮ್‌ಸ್ಟ್ರಾಂಗ್ ಪ್ರಮುಖ. ಆದರೆ ಶಿಷ್ಯನಿಗೆ ಸೂಟು, ರೈಲು ಪ್ರಯಾಣ, ಪ್ರೇಮ; ಗುರುವಿಗೆ ಚರ್ಮದ ಉಡುಗೆ. ಬಿಳಿಯ ಗಾಯಕನ ದನಿ ಅವನ ವ್ಯಕ್ತಿತ್ವಕ್ಕೆ ಸಾಕ್ಷಿಯಾದರೆ, ಕಪ್ಪು ಗಾಯಕನ ದನಿ ಅವನ ಮೇಲೆ ಹೇರಿದ ವೇಷದ ವಿರುದ್ಧ ಹೋರಾಡಬೇಕು. ಆರ್ಮ್‌ಸ್ಟ್ರಾಂಗ್‌ನ ತುತ್ತೂರಿ ಆ ವೇಷವನ್ನು ಮೀರುತ್ತದೆ ಎಂಬ ವಾದವಿದೆ. ಅದನ್ನು ಒಪ್ಪಬಹುದು. ಆದರೆ ಮೀರಬೇಕಾದ ಹೊರೆಯನ್ನು ಹೊರಿಸಿದವರು ಯಾರು ಎಂಬ ಪ್ರಶ್ನೆ ಅದರಿಂದ ಇಲ್ಲವಾಗುವುದಿಲ್ಲ. ಎರಡು ಚಿತ್ರಗಳನ್ನೂ ಒಟ್ಟಿಗಿಟ್ಟಾಗ ಮಾತ್ರ ಈ ಯಜಮಾನಿಕೆಯ ಸ್ವರೂಪ ಕಾಣುತ್ತದೆ.

ಇದು ಕನ್ನಡ ವಿಭಾಗದ ಕೆಲಸವೇ ಎಂಬ ಆಕ್ಷೇಪ ಬರಬಹುದು. ಇದೇ ವರ್ಷಗಳಲ್ಲಿ, 1934ರ ಮಾರ್ಚ್‌ನಲ್ಲಿ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತು. ರಂಗಭೂಮಿಯಲ್ಲಿ ಪಳಗಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಮೊದಲ ಬಾರಿಗೆ ಕನ್ನಡ ತೆರೆಯ ಮೇಲೆ ದನಿಯಾದರು. ಆ ಚಿತ್ರದ ಪ್ರತಿ ಇಂದು ಲಭ್ಯವಿಲ್ಲ. ಅಲ್ಲಿ ಹೊತ್ತು ಕಳೆಯಲು ಮಾಡಿದ ಕಿರುಚಿತ್ರಗಳು ಉಳಿದಿವೆ. ಇಲ್ಲಿ ಚರಿತ್ರೆಯ ಮೊದಲ ಪುಟವೇ ಇಲ್ಲ. ರಂಗದ ಕಂಠ ಮೈಕಿನ ಕಂಠವಾಗಿ ಮಾರ್ಪಟ್ಟ ಬಗೆಯನ್ನು ನಾವು ಕೇಳಿ ಅರಿಯುವ ದಾರಿ ಅಷ್ಟರಮಟ್ಟಿಗೆ ಮುಚ್ಚಿದೆ.

ಮುಂದೆ ಹಿನ್ನೆಲೆ ಗಾಯನ ನೆಲೆಯೂರಿದಾಗ ನಮ್ಮಲ್ಲಿ ದನಿ ಮತ್ತು ದೇಹದ ಅಗಲಿಕೆ ಒಂದು ವ್ಯವಸ್ಥೆಯೇ ಆಯಿತು. ಪಿ.ಬಿ. ಶ್ರೀನಿವಾಸ್ ಅವರ ಕಂಠವನ್ನು ಪ್ರೇಕ್ಷಕರು ವರ್ಷಗಟ್ಟಲೆ ರಾಜಕುಮಾರ್ ಅವರ ಕಂಠವೆಂದೇ ಸ್ವೀಕರಿಸಿದರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜಕುಮಾರ್ ಸ್ವತಃ ಹಾಡಿದ ಮೇಲೆ ಇನ್ನೊಂದು ಬಗೆಯ ಅಭಿಜ್ಞಾನ ನಡೆಯಿತು. ಕ್ರಾಸ್ಬಿಯ ಚಿತ್ರದಲ್ಲಿ ಬಲ್ಲ ದನಿಗೆ ಮುಖ ಸಿಕ್ಕಿತು. ಇಲ್ಲಿ ಬಲ್ಲ ಮುಖಕ್ಕೆ ಅದರದೇ ಹಾಡುವ ದನಿ ಸಿಕ್ಕಿತು. ಹೀಗಿದ್ದೂ ಚಿತ್ರಗೀತೆಗಳ ಬಗೆಗಿನ ನಮ್ಮ ಬಹುಪಾಲು ಚರ್ಚೆ ಸಾಹಿತ್ಯವನ್ನಷ್ಟೇ ಓದುತ್ತದೆ, ದನಿಯನ್ನು ಓದುವುದಿಲ್ಲ. ಮೌಖಿಕ ಪರಂಪರೆಯನ್ನು ಅಧ್ಯಯನ ಮಾಡುವಾಗ ಹಾಡಿಕೆಯ ಸಂದರ್ಭ ಮುಖ್ಯವೆಂದು ವಾದಿಸುವ ನಾವು ಮುದ್ರಿತ ದನಿಯ ಮುಂದೆ ಆ ಪಾಠವನ್ನು ಮರೆಯುತ್ತೇವೆ.

ಆದ್ದರಿಂದ ವಿಭಾಗಗಳು ಎರಡು ಕೆಲಸ ಮಾಡಬೇಕಾಗಿದೆ. ಖಾಸಗಿ ಸಂಗ್ರಹಗಳಲ್ಲಿರುವ ಗ್ರಾಮಫೋನ್ ಪ್ಲೇಟುಗಳು, ಚಿತ್ರಮಂದಿರಗಳಲ್ಲಿ ಮಾರುತ್ತಿದ್ದ ಪದ್ಯಾವಳಿಗಳು ಮೊದಲಾದವನ್ನು ಹಸ್ತಪ್ರತಿಗಳಿಗೆ ಕೊಡುವ ಗೌರವದಿಂದಲೇ ಕಲೆಹಾಕಿ ಸೂಚಿ ಸಿದ್ಧಪಡಿಸಬೇಕು. ಪಿಎಚ್.ಡಿ. ಪ್ರಬಂಧಗಳಲ್ಲಿ ಅವನ್ನು ಅನುಬಂಧಕ್ಕೆ ತಳ್ಳದೆ ಮೂಲ ಆಕರಗಳೆಂದು ಒಪ್ಪಬೇಕು. ಪ್ಲೇಟುಗಳು ಸವೆಯುತ್ತಿವೆ, ಅವನ್ನು ಜೋಪಾನ ಮಾಡಿದವರಿಗೆ ವಯಸ್ಸಾಗುತ್ತಿದೆ. ವಿಷಯದ ಘನತೆಯನ್ನು ತೀರ್ಮಾನಿಸುವ ಚರ್ಚೆಯನ್ನು ಆಮೇಲೆಯೂ ಮಾಡಬಹುದು. ಸಂಗ್ರಹವನ್ನು ಆಮೇಲೆ ಮಾಡಲಾಗುವುದಿಲ್ಲ.