ಸರದಿ ಯಾರ ಕೈಯಲ್ಲಿದೆ?

ಮಡಗಾಂವ್, ಪಣಜಿಗಳಲ್ಲಿ ಬಸ್ಸಿಳಿದವರಿಗೆ ಬಾಡಿಗೆಯ ಮೋಟಾರುಸೈಕಲ್ಲುಗಳ ಸಾಲು ಕಾಣದೆ ಇರದು. ಅದನ್ನು ಓಡಿಸುವವನನ್ನು ಗೋವೆಯವರು 'ಪೈಲೆಟ್' ಎನ್ನುತ್ತಾರೆ. ಸ್ಟ್ಯಾಂಡಿಗೆ ಮೊದಲು ಬಂದವನಿಗೆ ಮೊದಲ ಸವಾರಿ. ಯಾರಾದರೂ ಸರದಿ ತಪ್ಪಿಸಿದರೆ ಜಗಳವೂ ಅಲ್ಲೇ, ತೀರ್ಪೂ ಅಲ್ಲೇ.

2018ರಲ್ಲಿ ಗೋವಾ ಪ್ರವಾಸೋದ್ಯಮ ನಿಗಮದ ಬೆಂಬಲದಿಂದ 'ಗೋವಾಮೈಲ್ಸ್' ಎಂಬ ಮೊಬೈಲ್ ಟ್ಯಾಕ್ಸಿ ವ್ಯವಸ್ಥೆ ಬಂದಿತು. ಟ್ಯಾಕ್ಸಿಯವರು ಉಗ್ರವಾಗಿ ವಿರೋಧಿಸಿದರು. ಪ್ರಯಾಣಿಕನಿಗೆ ದರ ಮೊದಲೇ ತಿಳಿಯುವುದು ಸಣ್ಣ ಮಾತಲ್ಲ. ಕೇಳಿದಷ್ಟು ಬಾಡಿಗೆ ತೆತ್ತು ಗೊಣಗಿದವರಲ್ಲಿ ನಾವೂ ಸೇರಿದ್ದೇವೆ. ಆದರೆ ಇಂಥ ವ್ಯವಸ್ಥೆಗಳಲ್ಲಿ ಸರದಿ ಕಣ್ಣಿಗೆ ಕಾಣುವುದಿಲ್ಲ. ಯಾವ ಕೆಲಸ ಯಾರಿಗೆಂದು ಕಂಪ್ಯೂಟರು ನಿಶ್ಚಯಿಸುತ್ತದೆ. ಊಟದ ಪೊಟ್ಟಣ ಹೊತ್ತು ತಿರುಗುವ ಹುಡುಗನಿಗೂ ಇದೇ ಪಾಡು. ಒಂದು ಬೆಳಿಗ್ಗೆ ಅವನ ಖಾತೆ ಮುಚ್ಚಿದರೆ, ಹೋಗಿ ಕೇಳೋಣವೆಂದರೆ ಎದುರಿಗೆ ಒಬ್ಬ ಮೇಸ್ತ್ರಿಯೂ ಇಲ್ಲ.

ಈ ಹೊಸ ದುಡಿಮೆಯನ್ನು ಅಳೆಯುವ ವಿದ್ವಾಂಸರು ಇದ್ದಾರೆ. ಬೆಂಗಳೂರಿನ ಐ.ಐ.ಐ.ಟಿ.ಯವರು 'ಫೇರ್‌ವರ್ಕ್' ಯೋಜನೆಯಲ್ಲಿ ಕಂಪನಿಗಳಿಗೆ ಅಂಕ ಕೊಡುತ್ತಾರೆ. 2024ರಲ್ಲಿ ನೋಡಿದ 11 ಕಂಪನಿಗಳಲ್ಲಿ ಒಂದಕ್ಕೂ ಹತ್ತಕ್ಕೆ ಆರರ ಮೇಲೆ ಬರಲಿಲ್ಲ. ಕೆಲಸಗಾರರ ಸಂಘಟಿತ ದನಿಗೆ ಕಿವಿಗೊಟ್ಟ ಅಂಕವಂತೂ ಯಾರಿಗೂ ದಕ್ಕಲಿಲ್ಲ. ಗೋವೆಯಲ್ಲಿಯೂ ಸಾಂಖಳಿಯಲ್ಲೊಂದು ಹೆಸರಾದ ಮ್ಯಾನೇಜ್‌ಮೆಂಟ್ ವಿದ್ಯಾಸಂಸ್ಥೆಯಿದೆ. 1993ರಲ್ಲಿ ಅದನ್ನು ಕಟ್ಟಿದವರು ಜೆಸುಯಿಟ್ ಗುರು ಫಾದರ್ ರೋಮುಆಲ್ಡ್ ಡಿಸೋಜ. ಅಲ್ಲಿನ ಪಂಡಿತರು ಪೈಲೆಟರ ಸ್ಟ್ಯಾಂಡಿನಲ್ಲಿ ಒಂದು ವಾರ, ಹೋಟೆಲುಗಳ ಹಿಂಬಾಗಿಲಿನಲ್ಲಿ ಒಂದು ವಾರ ನಿಂತು ಲೆಕ್ಕ ಬರೆದರೆ ನಾವು ಆಸೆಯಿಂದ ಓದುತ್ತೇವೆ. ಕಾದ ಹೊತ್ತಿನ ಲೆಕ್ಕವನ್ನೂ ಬರೆಯಲಿ.

ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯಿದೆಯಲ್ಲಿ, ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರಷ್ಟು ಕ್ಷೇಮ ಶುಲ್ಕವನ್ನು ಕಂಪನಿ ಕಟ್ಟಬೇಕು. ಲಿಖಿತ ಕಾರಣವಿಲ್ಲದೆ, 14 ದಿನಗಳ ಮುನ್ಸೂಚನೆಯಿಲ್ಲದೆ ಸಾಮಾನ್ಯವಾಗಿ ಯಾರನ್ನೂ ತೆಗೆಯುವಂತಿಲ್ಲ. ಒಳ್ಳೆಯದು. ಆದರೆ ಈ ಕಾಯಿದೆ ಗಡಿ ದಾಟುವುದಿಲ್ಲ. ಉತ್ತರ ಕರ್ನಾಟಕದಿಂದ ಹೊಟ್ಟೆಪಾಡಿಗೆ ಹೋಗಿ ವಾಸ್ಕೋದ ಝುವಾರಿನಗರದಲ್ಲಿ ನೆಲೆಸಿದ ನಮ್ಮವರ ಮಕ್ಕಳು ಅಲ್ಲಿ ಫೋನು ಹಿಡಿದು ದುಡಿದರೆ ಅವರಿಗೆ ಇದರ ನೆರಳಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ನಿಧಿಯ ಮಾತನ್ನಾಡುತ್ತದೆ. ಖಾತೆ ಮುಚ್ಚುವ ಮುಂಚಿನ ನೋಟೀಸಿನ ಮಾತನ್ನಾಡುವುದಿಲ್ಲ.

ನಿಧಿ ಬರಲಿ, ಬೇಡವೆನ್ನುವವರು ಯಾರು? ಅದಕ್ಕೂ ಮೊದಲು ನಾವು ಕೇಳುವುದು ಒಂದು ಚೀಟಿ: ನಿನ್ನನ್ನು ಏಕೆ ತೆಗೆದೆವು ಎಂದು, ಅವನು ಓದಬಲ್ಲ ಭಾಷೆಯಲ್ಲಿ, ಕನ್ನಡವಾದರೆ ಕನ್ನಡದಲ್ಲಿ.